ಕರುಳಿನ ಉರಿಯೂತಕ್ಕೆ ಅಕ್ಯುಪಂಕ್ಚರ್: ಮೈಸೂರು, ಮಂಡ್ಯದ ರೋಗಿಗಳಿಗೊಂದು ಮಾರ್ಗದರ್ಶಿ

ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗಿ ರಕ್ತ ಹೋಗುವ ಅಲ್ಸರೇಟಿವ್ ಕೊಲೈಟಿಸ್ ಒಂದು. ಬಾಯಿಯಿಂದ ಗುದದವರೆಗೆ ಜೀರ್ಣನಾಳದ ಯಾವ ಭಾಗದಲ್ಲಾದರೂ ಕಾಣಿಸಿಕೊಳ್ಳಬಹುದಾದ ಕ್ರೋನ್ಸ್ ಕಾಯಿಲೆ ಇನ್ನೊಂದು. ಇವೆರಡನ್ನೂ ಸೇರಿಸಿ ಡಾಕ್ಟರುಗಳು ಐಬಿಡಿ ಎನ್ನುತ್ತಾರೆ. ಒಂದಷ್ಟು ದಿನ ಕೆರಳುತ್ತವೆ, ಒಂದಷ್ಟು ದಿನ ತಣ್ಣಗಿರುತ್ತವೆ, ಪೂರ್ತಿ ಬಿಟ್ಟು ಹೋಗುವುದಿಲ್ಲ. ನನ್ನ ತಂಗಿಗೆ ಕೊಲೈಟಿಸ್ ಇದೆ. ಮನೆ ಮಂಡ್ಯದಲ್ಲಿ, ಚಿಕಿತ್ಸೆ ಮೈಸೂರಿನಲ್ಲಿ. ವರ್ಷಗಟ್ಟಲೆ ಮಾತ್ರೆ ನುಂಗಿ ಬೇಸತ್ತವರಿಗೆ ‘ಸೂಜಿ ಚುಚ್ಚಿಸಿಕೊಂಡರೆ ಹೋಗುತ್ತಂತೆ’ ಎಂಬ ಮಾತು ಕಿವಿಗೆ ಬಿದ್ದರೆ ಎಂಥ ಆಸೆ ಹುಟ್ಟುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಮೈಯ ಗೊತ್ತಾದ ಬಿಂದುಗಳಲ್ಲಿ ಸಣ್ಣ ಸೂಜಿ ಚುಚ್ಚುವ ಈ ಅಕ್ಯುಪಂಕ್ಚರ್‌ನಿಂದ ಇಂಥ ರೋಗಿಗಳಿಗೆ ಉಪಯೋಗವಿದೆ ಎಂದೇ ನನ್ನ ನಂಬಿಕೆ. ಆದರೆ ಆ ಉಪಯೋಗ ಸಿಗುವುದು ಮಾತ್ರೆಯ ಜೊತೆಗೆ. ಮಾತ್ರೆ ಬಿಟ್ಟು ಬರೀ ಸೂಜಿಯನ್ನು ನಂಬಿದರೆ ಕರುಳೇ ಕೈಬಿಡುತ್ತದೆ. ಈ ಒಂದು ವಿಷಯದಲ್ಲಿ ಯಾರೊಂದಿಗೂ ರಾಜಿಯಾಗಬೇಡಿ.

ಮೊದಲು ಕಾಯಿಲೆ ಯಾವುದೆಂದು ಖಚಿತವಾಗಲಿ

ನಮ್ಮ ಕಡೆ ಮಲದಲ್ಲಿ ರಕ್ತ ಕಂಡರೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಮೂಲವ್ಯಾಧಿ. ಊರಿನಲ್ಲೇ ಯಾರೋ ಕೊಡುವ ಔಷಧಿ, ಆಮೇಲೆ ಬಸ್‌ ಸ್ಟ್ಯಾಂಡ್‌ ಪಕ್ಕದ ಪೈಲ್ಸ್ ಕ್ಲಿನಿಕ್, ಅದೂ ಆಗದಿದ್ದರೆ ‘ಉಷ್ಣ ಜಾಸ್ತಿಯಾಗಿದೆ’ ಎಂದು ಎಳನೀರು. ಹೀಗೇ ತಿಂಗಳುಗಳು ಉರುಳುತ್ತವೆ. ರಕ್ತದ ಜೊತೆ ಲೋಳೆ, ಹೊಟ್ಟೆ ನುಲಿತ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ತೂಕ ಇಳಿಕೆ ಇದ್ದರೆ ಅದನ್ನು ಮೂಲವ್ಯಾಧಿ ಎಂದುಕೊಂಡು ಸುಮ್ಮನಿರಬೇಡಿ. ಗುದದ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ಕರುಳು ನೋಡುವ ಕೊಲೊನೋಸ್ಕೋಪಿ ಮಾಡಿಸಿ, ಅಲ್ಲಿಂದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯನ್ನೂ ಮಾಡಿಸಿ.

ಬಯಾಪ್ಸಿ ಯಾಕೆ ಮುಖ್ಯವೆಂದರೆ, ನಮ್ಮ ದೇಶದಲ್ಲಿ ಕರುಳಿನ ಕ್ಷಯ ಇನ್ನೂ ಸಾಮಾನ್ಯ. ಅದು ಕ್ರೋನ್ಸ್ ಕಾಯಿಲೆಯನ್ನು ಎಷ್ಟು ಹೋಲುತ್ತದೆಂದರೆ ಪಳಗಿದ ಡಾಕ್ಟರಿಗೂ ಒಂದೇ ನೋಟಕ್ಕೆ ಹೇಳಲಾಗುವುದಿಲ್ಲ. ಇರುವುದು ಕ್ಷಯವೋ ಕ್ರೋನ್ಸೋ ಎಂದು ತೀರ್ಮಾನವಾಗುವ ಮುನ್ನ ಸ್ಟೆರಾಯ್ಡ್ ಶುರುಮಾಡಿದರೆ ಕ್ಷಯ ಮೈತುಂಬ ಹರಡಬಹುದು. ಕ್ಷಯಕ್ಕೆ ಸೂಜಿ ಚುಚ್ಚಿಸಿಕೊಂಡು ಕೂತರೆ ಮದ್ದಿರುವ ಕಾಯಿಲೆಗೂ ಮದ್ದು ತಪ್ಪಿಹೋಗುತ್ತದೆ. ಇನ್ನು ಐಬಿಎಸ್ ಎಂಬುದು ಬೇರೆಯೇ ಕಾಯಿಲೆ. ಅದರಲ್ಲೂ ಹೊಟ್ಟೆನೋವು, ಭೇದಿ ಇರುತ್ತದೆ. ಆದರೆ ಕರುಳಿನಲ್ಲಿ ಹುಣ್ಣಿರುವುದಿಲ್ಲ, ರಕ್ತ ಹೋಗುವುದಿಲ್ಲ. ‘ಅಕ್ಯುಪಂಕ್ಚರ್‌ನಿಂದ ನನಗೆ ಕರುಳಿನ ಕಾಯಿಲೆ ಪೂರ್ತಿ ವಾಸಿಯಾಯಿತು’ ಎಂದು ಯಾರಾದರೂ ಹೇಳಿದರೆ, ಅವರಿಗಿದ್ದದ್ದು ಯಾವುದು ಎಂದು ಮೊದಲು ಕೇಳಿ.

ಮಂಡ್ಯದವರು ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಮಿಮ್ಸ್‌ನಲ್ಲಿ, ಮೈಸೂರಿನವರು ಕೆ.ಆರ್. ಆಸ್ಪತ್ರೆಯಲ್ಲಿ ತೋರಿಸಲು ಶುರುಮಾಡಬಹುದು. ಖಾಸಗಿಯಲ್ಲಿ ಹೊಟ್ಟೆ-ಕರುಳಿನ ತಜ್ಞರು ಮೈಸೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತಾರೆ. ಬಯಾಪ್ಸಿ ವರದಿಯ ಜೆರಾಕ್ಸ್ ಒಂದನ್ನು ಕಡತದಲ್ಲಿ ಸದಾ ಇಟ್ಟುಕೊಂಡಿರಿ. ಮುಂದೆ ಯಾವ ಚಿಕಿತ್ಸೆಗೆ ಹೋದರೂ ಅದೇ ನಿಮ್ಮ ಗುರುತಿನ ಚೀಟಿ.

ಸೂಜಿಯಿಂದ ಎಷ್ಟು ನಿರೀಕ್ಷಿಸಬಹುದು

ಈ ಕಾಯಿಲೆಗೆ ಅಕ್ಯುಪಂಕ್ಚರನ್ನು ಪರೀಕ್ಷಿಸಿ ನೋಡಿದ ಅಧ್ಯಯನಗಳು ಕೆಲವೇ, ಅವೂ ಚಿಕ್ಕವು. ಜರ್ಮನಿಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದರಲ್ಲಿ ಕ್ರೋನ್ಸ್ ಇದ್ದ 51 ರೋಗಿಗಳಿದ್ದರು. ಕೆಲವರಿಗೆ ಶಾಸ್ತ್ರ ಹೇಳುವ ಬಿಂದುಗಳಲ್ಲಿ, ಉಳಿದವರಿಗೆ ಬಿಂದುಗಳಲ್ಲದ ಜಾಗದಲ್ಲಿ ಸೂಜಿ ಹಾಕಿ ಹೋಲಿಸಿದರು. ಸರಿಯಾದ ಬಿಂದುಗಳ ಗುಂಪಿನಲ್ಲಿ ಕಾಯಿಲೆಯ ತೀವ್ರತೆಯ ಅಂಕ ಹೆಚ್ಚು ಇಳಿಯಿತು. ಆದರೆ ಕಾಯಿಲೆ ಪೂರ್ತಿ ತಣ್ಣಗಾದವರ ಸಂಖ್ಯೆಯಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದೇ ತಂಡ 2006ರಲ್ಲಿ ಕೊಲೈಟಿಸ್ ಇದ್ದ 29 ಮಂದಿಯ ಮೇಲೆ ಮಾಡಿದ ಅಧ್ಯಯನದಲ್ಲೂ ಇದೇ ಬಗೆಯ ಫಲ ಬಂತು. ತೀವ್ರತೆ ಕಡಿಮೆಯಾಯಿತು, ಆದರೆ ಹುಸಿ ಸೂಜಿ ಹಾಕಿಸಿಕೊಂಡವರೂ ‘ಈಗ ಆರಾಮ’ ಎಂದರು. ಶಾಂಘೈನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ ಇವುಗಳಿಗಿಂತ ಗಟ್ಟಿ. ಸೌಮ್ಯದಿಂದ ಮಧ್ಯಮ ತೀವ್ರತೆಯ ಕ್ರೋನ್ಸ್ ಇದ್ದ 66 ಜನರಿಗೆ ವಾರಕ್ಕೆ 3 ಸಲದಂತೆ 12 ವಾರ ಸೂಜಿ ಮತ್ತು ಮಾಕ್ಸಾ ಶಾಖ (ಒಣ ಎಲೆಯ ಬತ್ತಿ ಹೊತ್ತಿಸಿ ಬಿಂದುವಿಗೆ ಕೊಡುವ ಕಾವು), ಅಥವಾ ಅವುಗಳ ಹುಸಿ ರೂಪ ಕೊಟ್ಟು, ಒಟ್ಟು 48 ವಾರದವರೆಗೆ ಗಮನಿಸಿದರು. ನಿಜವಾದ ಚಿಕಿತ್ಸೆ ಪಡೆದ ಗುಂಪಿನಲ್ಲಿ ಕಾಯಿಲೆ ತಣ್ಣಗಾದವರು ಹೆಚ್ಚು.

66 ಜನರ ಫಲಿತಾಂಶ ನೋಡಿ ಲಕ್ಷಾಂತರ ರೋಗಿಗಳಿಗೆ ‘ಇದೇ ಮದ್ದು’ ಎನ್ನಲಾಗುವುದಿಲ್ಲ, ‘ಇದೆಲ್ಲ ಸುಳ್ಳು’ ಎಂದು ತಳ್ಳಿಹಾಕಲೂ ಆಗುವುದಿಲ್ಲ. ಗಮನಿಸಬೇಕಾದ್ದು ಇನ್ನೊಂದಿದೆ: ಇವರೆಲ್ಲ ಸೌಮ್ಯ, ಮಧ್ಯಮ ಹಂತದ ರೋಗಿಗಳು. ಕಾಯಿಲೆ ಭುಗಿಲೆದ್ದು ಆಸ್ಪತ್ರೆಯ ಮಂಚ ಹಿಡಿದವರು ಈ ಲೆಕ್ಕದಲ್ಲಿಲ್ಲ.

ಸೂಜಿ ಹೇಗೆ ಕೆಲಸ ಮಾಡೀತು ಎಂಬುದಕ್ಕೆ ಒಂದು ಸುಳಿವು ಸಿಕ್ಕಿದೆ. ಮೊಣಕಾಲಿನ ಕೆಳಗಿರುವ ‘ಎಸ್‌ಟಿ 36’ ಎಂಬ ಬಿಂದುವಿಗೆ ಸೂಜಿಯ ಮೂಲಕ ಸಣ್ಣ ವಿದ್ಯುತ್ ಹರಿಸಿದಾಗ ಮೆದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ ಮತ್ತು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಮೂಲಕ ಉರಿಯೂತ ತಗ್ಗುವುದನ್ನು 2021ರಲ್ಲಿ ಇಲಿಗಳಲ್ಲಿ ತೋರಿಸಿದರು. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲೂ ಹಾಗೇ ನಡೆಯಬೇಕೆಂದಿಲ್ಲ.

ನನ್ನ ದೃಷ್ಟಿಯಲ್ಲಿ ಐಬಿಡಿ ರೋಗಿಗೆ ಅಕ್ಯುಪಂಕ್ಚರ್ ನಿಜವಾಗಿ ನೆರವಾಗುವುದು ನೋವು, ಸುಸ್ತು, ನಿದ್ದೆಗೇಡು, ಆತಂಕಗಳಲ್ಲಿ. ಕೀಲುನೋವಿನಲ್ಲಿ ಇನ್ನೂ ಹೆಚ್ಚು. ಈ ಕಾಯಿಲೆಯವರಲ್ಲಿ ಅನೇಕರಿಗೆ ಮಂಡಿ, ಸೊಂಟ ಹಿಡಿದುಕೊಳ್ಳುತ್ತದೆ. ಗದ್ದೆ ಕೆಲಸ ಮಾಡುವವರು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗಿಬಿಡುತ್ತಾರೆ. ಅದೇ ಮಾತ್ರೆ ಕರುಳನ್ನು ಕೆರಳಿಸಬಲ್ಲದು. ದೀರ್ಘಕಾಲದ ಮಂಡಿ, ಸೊಂಟದ ನೋವಿಗೆ ಅಕ್ಯುಪಂಕ್ಚರ್ ನೆರವಾಗುತ್ತದೆಂಬುದಕ್ಕೆ ಕರುಳಿನ ಕಾಯಿಲೆಗಿಂತ ಹೆಚ್ಚಿನ ಆಧಾರ ಇದೆ. ಆ ಒಂದು ನೋವಿನ ಮಾತ್ರೆಯನ್ನು ತಪ್ಪಿಸಿದರೂ ಸೂಜಿ ದೊಡ್ಡ ಉಪಕಾರ ಮಾಡಿದಂತೆ.

ನಿಮ್ಮ ಗ್ಯಾಸ್ಟ್ರೋ ಡಾಕ್ಟರಿಗೆ ಹೇಳಿಯೇ ಹೋಗಿ

ಬೈಯುತ್ತಾರೆಂದು ಮುಚ್ಚಿಡುವವರೇ ಹೆಚ್ಚು. ಮುಚ್ಚಿಟ್ಟರೆ ಅಪಾಯ ನಿಮಗೇ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಿಳಿ ರಕ್ತಕಣ ಕಡಿಮೆಯಾಗಬಹುದು. ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್‌ನಂಥ ಇಂಜೆಕ್ಷನ್ ಪಡೆಯುವವರ ಸೋಂಕು ತಡೆಯುವ ಶಕ್ತಿಯೂ ತಗ್ಗಿರುತ್ತದೆ. ಇಂಥವರಿಗೆ ಸೂಜಿ ಚುಚ್ಚಿದ ಜಾಗದ ಸಣ್ಣ ಸೋಂಕೂ ಕಡೆಗಣಿಸುವಂಥದ್ದಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಪ್ಲೇಟ್‌ಲೆಟ್ ಕಡಿಮೆ ಇರುವವರು, ಗರ್ಭಿಣಿಯರು, ಹೊಟ್ಟೆಯ ಮೇಲೆ ಸ್ಟೋಮಾ ಚೀಲ (ಮಲ ಹೊರಬರಲು ಮಾಡಿದ ದಾರಿಗೆ ಕಟ್ಟುವ ಚೀಲ) ಇರುವವರು, ಫಿಸ್ಟುಲಾ (ಕರುಳಿನಿಂದ ಚರ್ಮಕ್ಕೋ ಬೇರೆ ಅಂಗಕ್ಕೋ ಆಗುವ ಅಡ್ಡದಾರಿ) ಅಥವಾ ಕೀವುಗಡ್ಡೆ ಇರುವವರು ಡಾಕ್ಟರ ಒಪ್ಪಿಗೆ ಇಲ್ಲದೆ ಸೂಜಿಯ ಹತ್ತಿರ ಸುಳಿಯಬೇಡಿ.

ಡಾಕ್ಟರಿಗೆ ಉದ್ದ ಪೀಠಿಕೆ ಬೇಕಿಲ್ಲ. ‘ಸಾರ್, ಈ ಮಾತ್ರೆಗಳನ್ನೆಲ್ಲ ಮುಂದುವರಿಸಿಕೊಂಡೇ ಮೂರು ತಿಂಗಳು ಅಕ್ಯುಪಂಕ್ಚರ್ ಮಾಡಿಸಬೇಕು ಅಂತಿದ್ದೀನಿ. ನನ್ನ ರಕ್ತದ ವರದಿ ನೋಡಿ, ಸೂಜಿ ಹಾಕಿಸಿಕೊಳ್ಳಲು ತೊಂದರೆ ಇದೆಯಾ ಹೇಳಿ’ ಎಂದರೆ ಸಾಕು. ‘ಮುಂದುವರಿಸಿಕೊಂಡೇ’ ಎಂಬ ಮಾತು ಕೇಳಿದರೆ ಹೆಚ್ಚಿನ ಡಾಕ್ಟರುಗಳ ಹುಬ್ಬು ಸಡಿಲವಾಗುತ್ತದೆ.

ಚಿಕಿತ್ಸಕರನ್ನು ಆರಿಸುವುದು

ಅಕ್ಯುಪಂಕ್ಚರನ್ನು ಕೇಂದ್ರ ಆರೋಗ್ಯ ಸಚಿವಾಲಯ 2003ರಲ್ಲಿ ಒಂದು ಚಿಕಿತ್ಸಾ ವಿಧಾನವೆಂದೂ, 2019ರ ಫೆಬ್ರುವರಿಯಲ್ಲಿ ಸ್ವತಂತ್ರ ಪದ್ಧತಿಯೆಂದೂ ಮಾನ್ಯ ಮಾಡಿದೆ. ಮಾನ್ಯತೆ ಪದ್ಧತಿಗೆ ಸಿಕ್ಕಿದೆಯೇ ಹೊರತು ಬೋರ್ಡ್ ತಗುಲಿಸಿಕೊಂಡ ಎಲ್ಲರಿಗೂ ಸಿಕ್ಕಿಲ್ಲ. ಆದ್ದರಿಂದ ವಿಚಾರಿಸುವ ಕೆಲಸ ನಿಮ್ಮದೇ.

ನಮ್ಮ ಭಾಗದವರಿಗೆ ಒಂದು ಅನುಕೂಲ ಇದೆ. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಐದೂವರೆ ವರ್ಷದ ಪದವಿ ಬಿಎನ್‌ವೈಎಸ್‌ನಲ್ಲಿ ಅಕ್ಯುಪಂಕ್ಚರ್ ಪಾಠದ ಭಾಗ. ಆ ಪದವಿ ಕಲಿಸುವ ಸರ್ಕಾರಿ ಪ್ರಕೃತಿ ಚಿಕಿತ್ಸಾ ಕಾಲೇಜು, ಆಸ್ಪತ್ರೆ ಮೈಸೂರಿನಲ್ಲೇ ಇದೆ. ಅಂಗರಚನೆ, ರೋಗಶಾಸ್ತ್ರ ಓದಿದ ವೈದ್ಯರ ಕೈಯಲ್ಲಿ ಸೂಜಿ ಇರುವುದಕ್ಕೂ, ವಾರದ ಶಿಬಿರದಲ್ಲಿ ಕಲಿತವರ ಕೈಯಲ್ಲಿ ಇರುವುದಕ್ಕೂ ಬಹಳ ಅಂತರ. ಮೊದಲು ಅಲ್ಲಿ ವಿಚಾರಿಸಿ. ಖಾಸಗಿ ಕ್ಲಿನಿಕ್‌ಗೆ ಹೋಗುವುದಾದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಪಡೆದ ನೋಂದಣಿ ಪತ್ರ ಗೋಡೆಯ ಮೇಲೆ ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ.

ಆಮೇಲೆ ಕೋಣೆಯೊಳಗೆ ಕಣ್ಣಾಡಿಸಿ. ಸೂಜಿಯ ಪೊಟ್ಟಣ ನಿಮ್ಮ ಎದುರಿಗೇ ಹರಿಯಬೇಕು. ಅದರ ಮೇಲೆ ಸ್ಟರೈಲ್ ಎಂಬ ಗುರುತು, ಅವಧಿ ಮುಗಿಯುವ ತಾರೀಕು ಇರಬೇಕು. ಕೂದಲೆಳೆಯಂಥ ಆ ಸೂಜಿಗಳ ದಪ್ಪ ಸಾಮಾನ್ಯವಾಗಿ 0.20ರಿಂದ 0.30 ಮಿಲಿಮೀಟರ್. ಬಳಸಿದ ಸೂಜಿ ಬೀಳಬೇಕಾದ್ದು ಚುಚ್ಚಿದರೆ ತೂತಾಗದ, ಅರೆಪಾರದರ್ಶಕ ಬಿಳಿ ಡಬ್ಬಿಗೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಇದನ್ನೇ ಹೇಳುತ್ತದೆ. ಸ್ಪಿರಿಟ್‌ನಲ್ಲಿ ಅದ್ದಿ ಅದೇ ಸೂಜಿಯನ್ನು ಇನ್ನೊಬ್ಬರಿಗೆ ಹಾಕುವುದನ್ನು ಕಂಡರೆ ಎದ್ದು ಬನ್ನಿ. ಹೆಪಟೈಟಿಸ್ ಬಿ ಅಂಟಿಸಿಕೊಂಡು ಬರುವಷ್ಟು ದೊಡ್ಡ ಅಗತ್ಯ ಯಾರಿಗೂ ಇಲ್ಲ.

ಸೂಜಿಯನ್ನೇ ಬಳಸದೆ ಬೆರಳು ಮುಟ್ಟಿಸಿ ಗುಣಪಡಿಸುತ್ತೇವೆ ಎನ್ನುವವರೂ ಇದ್ದಾರೆ. ಅಂಥವರ ಹತ್ತಿರ ಹೋಗುವುದು ನಿಮ್ಮಿಷ್ಟ. ಆದರೆ ಯಾರೇ ಆಗಲಿ ‘ಇಂಗ್ಲಿಷ್ ಔಷಧಿ ಪೂರ್ತಿ ನಿಲ್ಲಿಸಿ ಬನ್ನಿ, ಆಮೇಲೆ ನಾನು ನೋಡ್ತೀನಿ’ ಎಂದ ಕ್ಷಣ ಅಲ್ಲಿಂದ ಹೊರಡಿ. ತಂಗಿಗೂ ಒಬ್ಬರು ಹೀಗೇ ಹೇಳಿದ್ದರು. ಆಗ ಅವಳು ಸ್ಟೆರಾಯ್ಡ್ ಮೇಲಿದ್ದಳು. ವಾರಗಟ್ಟಲೆ ಸ್ಟೆರಾಯ್ಡ್ ನುಂಗಿದ ಮೈ ತನ್ನದೇ ಸ್ಟೆರಾಯ್ಡ್ ಆದ ಕಾರ್ಟಿಸಾಲ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಆ ಮಾತ್ರೆಯನ್ನು ಹಂತಹಂತವಾಗಿ ಇಳಿಸದೆ ಒಂದೇ ಸಲ ನಿಲ್ಲಿಸಿದರೆ ಬಿ.ಪಿ. ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಕೊಲೈಟಿಸ್‌ಗೆ ದಿನವೂ ನುಂಗುವ ಮೆಸಲಮೈನ್ ಮಾತ್ರೆ ನಿಲ್ಲಿಸಿದವರಿಗೆ ತಕ್ಷಣ ಏನೂ ಆಗದಿರಬಹುದು. ಅದೇ ಮೋಸ. ‘ನೋಡಿ, ಮಾತ್ರೆ ಇಲ್ಲದೆ ಚೆನ್ನಾಗಿದ್ದೀರಲ್ಲ’ ಎನ್ನಿಸುವ ಆ ವಾರಗಳಲ್ಲೇ ಹುಣ್ಣು ಮತ್ತೆ ಹಬ್ಬುತ್ತಿರುತ್ತದೆ.

ಶುರುಮಾಡುವ ಮುನ್ನ ಒಂದು ನೋಟ್‌ಬುಕ್

ಇದು ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ. ಮೊದಲ ಸೂಜಿಗೆ ಎರಡು ವಾರ ಮುಂಚಿನಿಂದ ದಿನಾ ರಾತ್ರಿ ನಾಲ್ಕು ಸಾಲು ಬರೆಯಿರಿ: ಎಷ್ಟು ಸಲ ಹೋಯಿತು, ಅದರಲ್ಲಿ ರಕ್ತ ಎಷ್ಟು ಸಲ ಕಂಡಿತು, ರಾತ್ರಿ ಎದ್ದದ್ದುಂಟೇ, ನೋವಿಗೆ ಹತ್ತರಲ್ಲಿ ಎಷ್ಟು ಅಂಕ. ವಾರಕ್ಕೊಮ್ಮೆ ತೂಕ. ಜೊತೆಗೆ ಹಿಮೋಗ್ಲೋಬಿನ್, ರಕ್ತದಲ್ಲಿ ಉರಿಯೂತ ಅಳೆಯುವ ಸಿಆರ್‌ಪಿ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಒಮ್ಮೆ ಆಗಿರಲಿ. ಕ್ಯಾಲ್‌ಪ್ರೊಟೆಕ್ಟಿನ್ ಎಂಬುದು ಕರುಳಿನ ಉರಿಯೂತ ಎಷ್ಟಿದೆ ಎಂದು ಮಲದಿಂದಲೇ ಹೇಳುವ ಪರೀಕ್ಷೆ. ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ದರೆ ಸಾಮಾನ್ಯ, 250 ದಾಟಿದರೆ ಉರಿಯೂತ ಜೋರಾಗಿದೆ ಎಂದು ಸಾಮಾನ್ಯವಾಗಿ ಲೆಕ್ಕ.

ಯಾಕಿಷ್ಟು ಒತ್ತಿ ಹೇಳುತ್ತೇನೆಂದರೆ, ಅಕ್ಯುಪಂಕ್ಚರ್ ನೋವನ್ನು ಇಳಿಸುವುದರಲ್ಲಿ ಚುರುಕು. ನೋವು ಇಳಿದ ಮಾತ್ರಕ್ಕೆ ಹುಣ್ಣು ಮಾಗಿತು ಎಂದಲ್ಲ. ಹಿಂದಿನ ಲೆಕ್ಕ ಕೈಯಲ್ಲಿಲ್ಲದಿದ್ದರೆ ಮೂರು ತಿಂಗಳಾದ ಮೇಲೆ ‘ಪರವಾಗಿಲ್ಲ ಅನ್ನಿಸುತ್ತೆ’ ಎಂಬ ಮಾತು ಬಿಟ್ಟರೆ ಏನೂ ಉಳಿಯುವುದಿಲ್ಲ. ಕಾಯಿಲೆ ತಾನಾಗಿಯೇ ಏರಿಳಿಯುವ ಜಾತಿಯದ್ದು. ಇಳಿಯುವ ಹೊತ್ತಿಗೆ ಸರಿಯಾಗಿ ಸೂಜಿ ಶುರುವಾಗಿದ್ದರೆ ಕೀರ್ತಿ ಪೂರ್ತಿ ಸೂಜಿಗೇ ಹೋಗುತ್ತದೆ.

ಸೂಜಿ ಹಾಕಿಸಿಕೊಳ್ಳುವ ದಿನ

ಬರೀ ಹೊಟ್ಟೆಯಲ್ಲಿ ಹೋಗಬೇಡಿ, ಹಸಿದಿದ್ದರೆ ತಲೆ ತಿರುಗಿ ಬೀಳಬಹುದು. ಒಂದೆರಡು ಗಂಟೆ ಮುಂಚೆ ಎರಡು ಇಡ್ಲಿ ಅಥವಾ ಮೊಸರನ್ನ ಸಾಕು. ಮಂಡ್ಯದಿಂದ ಬರುವವರಿಗೆ ನನ್ನ ಸಲಹೆ ರೈಲು. ನಾನ್‌ಸ್ಟಾಪ್ ಬಸ್ ಬೇಗ ಸಿಗಬಹುದು, ಆದರೆ ಶ್ರೀರಂಗಪಟ್ಟಣದ ಹತ್ತಿರ ಹೊಟ್ಟೆ ನುಲಿದರೆ ಇಳಿಯುವುದೆಲ್ಲಿ? ರೈಲಿನಲ್ಲಿ ಶೌಚಾಲಯ ಇದೆ ಎಂಬ ಧೈರ್ಯಕ್ಕೇ ಅರ್ಧ ನುಲಿತ ಬರುವುದಿಲ್ಲ. ಮೊಣಕಾಲಿನ ಮೇಲಕ್ಕೆ ಸರಿಸಬಹುದಾದ ಸಡಿಲ ಬಟ್ಟೆ ಹಾಕಿಕೊಳ್ಳಿ. ಕ್ಲಿನಿಕ್‌ಗೆ ಕಾಲಿಟ್ಟ ಕೂಡಲೇ ಶೌಚಾಲಯ ಎಲ್ಲಿದೆ ನೋಡಿಕೊಳ್ಳಿ, ಮಲಗುವ ಮುನ್ನ ಒಮ್ಮೆ ಹೋಗಿಬನ್ನಿ.

ಸಾಮಾನ್ಯವಾಗಿ ಅಂಗಾತ ಮಲಗಿಸಿ ಮಂಡಿಯ ಕೆಳಗೆ ದಿಂಬು ಕೊಡುತ್ತಾರೆ. ಕರುಳಿಗೆ ಆಯ್ದುಕೊಳ್ಳುವ ಬಿಂದುಗಳಲ್ಲಿ ಹೊಕ್ಕುಳಿನ ಎರಡೂ ಪಕ್ಕ ಎರಡು ಹೆಬ್ಬೆರಳಗಲ ದೂರದವು, ಹೊಕ್ಕುಳಿಗೂ ಎದೆಗೂಡಿಗೂ ನಡುವಿನದು, ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ ಮೊಣಕಾಲ ಮೂಳೆಯ ಹೊರಬದಿಯಲ್ಲಿರುವ ಎಸ್‌ಟಿ 36, ಅದರ ಕೆಳಗಿನ ಎಸ್‌ಟಿ 37 ಇರುತ್ತವೆ. ಸೂಜಿ ಇಳಿಯುವಾಗ ಇರುವೆ ಕಚ್ಚಿದಷ್ಟು ಚುರುಕ್ ಎನ್ನಬಹುದು. ಆಮೇಲೆ ಆ ಜಾಗ ಭಾರವಾದಂತೆ, ಜೋಮು ಹಿಡಿದಂತೆ, ಒಳಗೆ ಸೆಳೆದಂತೆ ಆಗುತ್ತದೆ. ಅದು ಸಹಜ. ಕರೆಂಟ್ ಹೊಡೆದಂಥ ನೋವು ಅಥವಾ ಉರಿ ಬಂದರೆ ಸಹಿಸಿಕೊಂಡು ಮಲಗಬೇಡಿ, ಆಗಲೇ ಹೇಳಿ. ಸೂಜಿ ಸರಿಸಿದರೆ ಹೋಗುತ್ತದೆ. 20ರಿಂದ 30 ನಿಮಿಷ ಹಾಗೇ ಬಿಡುತ್ತಾರೆ.

ಐಬಿಡಿ ಇರುವವರಿಗೆ ಮಾತ್ರ ಬರುವ ಒಂದು ಕಷ್ಟ ಇಲ್ಲಿದೆ. ಹೊಟ್ಟೆ ಮೇಲೆ ಸೂಜಿ ನಿಂತಿರುವಾಗ ಅವಸರ ಬಂದರೆ ಎದ್ದು ಓಡಲಾಗುವುದಿಲ್ಲ. ಎಲ್ಲ ಸೂಜಿ ತೆಗೆಯಲು ಒಂದೆರಡು ನಿಮಿಷ ಬೇಕು. ತಂಗಿ ಮೊದಲೇ ಹೇಳಿಟ್ಟಿದ್ದಳು, ‘ನಾನು ಕೈ ಎತ್ತಿದರೆ ಕಾರಣ ಕೇಳಬೇಡಿ, ಮೊದಲು ಹೊಟ್ಟೆಯ ಸೂಜಿ ತೆಗೀರಿ’ ಎಂದು. ಸೂಜಿ ಹಾಕಿ ಬಾಗಿಲೆಳೆದುಕೊಂಡು ಹೋಗುವ ಕಡೆ ಮಲಗಬೇಡಿ. ಕರೆದರೆ ಕೇಳುವಷ್ಟು ದೂರದಲ್ಲಿ ಒಬ್ಬರಿರಬೇಕು.

ಕೆಲವೆಡೆ ಸೂಜಿಯ ಜೊತೆ ಮಾಕ್ಸಾ ಶಾಖ ಕೊಡುತ್ತಾರೆ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಸಿಗುವ ಮಾಚಿಪತ್ರೆ, ದವನಗಳ ಕುಲದ್ದೇ ಆದ ಗಿಡದ ಒಣ ಎಲೆಯನ್ನು ಬತ್ತಿ ಮಾಡಿ, ಹೊತ್ತಿಸಿ, ಚರ್ಮಕ್ಕೆ ತಾಗದಂತೆ ಬಿಂದುವಿನ ಮೇಲೆ ಹಿಡಿಯುವ ಕ್ರಮ ಅದು. ಬೆಚ್ಚಗೆ ಹಿತವಾಗಿರುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕುಂದಿದವರಿಗೆ ಸುಟ್ಟದ್ದೇ ಗೊತ್ತಾಗದಿರಬಹುದು, ಅಂಥವರಿಗೆ ಬೇಡ. ಅಸ್ತಮಾ ಇದ್ದವರಿಗೆ ಹೊಗೆ ಆಗುವುದಿಲ್ಲ. ಮನೆಯಲ್ಲಿ ಮಾಚಿಪತ್ರೆ ಸುಟ್ಟು ಪ್ರಯೋಗ ಮಾಡಬೇಡಿ. ಮನೆಯಲ್ಲಿ ಏನಾದರೂ ಮಾಡಲೇಬೇಕೆನಿಸಿದರೆ ಎಸ್‌ಟಿ 36 ಜಾಗವನ್ನು ಹೆಬ್ಬೆರಳಿನಿಂದ ಒಂದೆರಡು ನಿಮಿಷ ಹದವಾಗಿ ಒತ್ತಿ. ಹೊಟ್ಟೆಯನ್ನು ಮಾತ್ರ ಒತ್ತಬೇಡಿ, ತಿಕ್ಕಬೇಡಿ.

ಚುಚ್ಚಿದ ಜಾಗದಲ್ಲಿ ಒಂದು ಹನಿ ರಕ್ತ, ಸಣ್ಣ ನೀಲಿ ಕಲೆ ಆಗುವುದುಂಟು. ಕೆಂಪಗೆ ಊದಿ ಬಿಸಿಯಾದರೆ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ. ಎದೆ, ಬೆನ್ನಿನ ಮೇಲ್ಭಾಗಕ್ಕೆ ಸೂಜಿ ಹಾಕಿದ ದಿನ ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅಪರೂಪಕ್ಕೆ ಶ್ವಾಸಕೋಶಕ್ಕೆ ಸೂಜಿ ತಗುಲಿ ಗಾಳಿ ಸೋರುವುದುಂಟು.

ಊಟದ ಬಗ್ಗೆ ಎರಡು ಮಾತು. ಹಾಲು, ಗೋಧಿ, ಬೇಳೆ ಎಲ್ಲವನ್ನೂ ಒಟ್ಟಿಗೆ ಬಿಡಿಸುವವರನ್ನು ನಂಬಬೇಡಿ, ಮೊದಲೇ ರಕ್ತ ಕಳೆದುಕೊಂಡ ಮೈ ಇನ್ನಷ್ಟು ಸೊರಗುತ್ತದೆ. ಕ್ರೋನ್ಸ್‌ನಿಂದ ಕರುಳು ಕಿರಿದಾಗಿರುವವರು ಮಾತ್ರ ನಾರು ಹೆಚ್ಚಿರುವ ಪದಾರ್ಥಗಳಲ್ಲಿ ಹುಷಾರಾಗಿರಬೇಕು. ಕಬ್ಬು ಅಗಿದು ಸಿಪ್ಪೆ ನುಂಗುವುದು, ದಂಟಿನ ಸೊಪ್ಪು, ಹಸಿ ತರಕಾರಿ ಅವರಿಗೆ ಅಡ್ಡ ಸಿಕ್ಕಿಕೊಳ್ಳಬಹುದು.

ಯಾವಾಗ ಸೂಜಿ ಬಿಟ್ಟು ಆಸ್ಪತ್ರೆಗೆ ಓಡಬೇಕು

ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ದಿನಕ್ಕೆ 6 ಅಥವಾ ಹೆಚ್ಚು ಸಲ ರಕ್ತಭೇದಿ ಆಗುತ್ತಿದ್ದು, ಜೊತೆಗೆ 37.8 ಡಿಗ್ರಿ ಸೆಲ್ಸಿಯಸ್, ಅಂದರೆ 100 ಫ್ಯಾರನ್‌ಹೀಟ್ ದಾಟಿದ ಜ್ವರವೋ, ನಿಮಿಷಕ್ಕೆ 90 ಮೀರಿದ ನಾಡಿಬಡಿತವೋ ಇದ್ದರೆ ಅದು ತೀವ್ರ ದಾಳಿ. ಅದೇ ದಿನ ಆಸ್ಪತ್ರೆಗೆ ಸೇರಬೇಕು. ಕ್ರೋನ್ಸ್ ಇರುವವರಿಗೆ ಹೊಟ್ಟೆ ಉಬ್ಬರಿಸಿ, ವಾಂತಿಯಾಗಿ, ಗಾಳಿಯೂ ಹೋಗದೆ ಕಟ್ಟಿಕೊಂಡರೆ ಕರುಳು ಮುಚ್ಚಿಕೊಂಡಿರುವ ಸಾಧ್ಯತೆ ಇದೆ. ದಸರೆಯ ಗದ್ದಲದಲ್ಲಿ ಮೈಸೂರಿನ ರಸ್ತೆ ಮುಚ್ಚಿದ್ದರೂ 108ಕ್ಕೆ ಫೋನ್ ಮಾಡಿ. ಮುಂಗಡ ಕೊಟ್ಟ ಸಿಟ್ಟಿಂಗ್ ಹಾಳಾಯಿತಲ್ಲ ಎಂದು ಕಾಯುತ್ತ ಕೂರಬೇಡಿ.

ಹನ್ನೆರಡು ವಾರಕ್ಕೆ ಲೆಕ್ಕ ನೋಡಿ

ಶಾಂಘೈ ಅಧ್ಯಯನದಂತೆ ವಾರಕ್ಕೆ 3 ಸಲ ಹೋದರೆ 12 ವಾರಕ್ಕೆ 36 ಸಲ. ಒಂದು ಸಲಕ್ಕೆ ಎಷ್ಟು ಎಂದು ಕೇಳಿ 36ರಿಂದ ಗುಣಿಸಿ, ಓಡಾಟದ ಖರ್ಚು, ಕಳೆದುಕೊಳ್ಳುವ ಕೂಲಿ ಸೇರಿಸಿ, ಆಮೇಲೆ ತೀರ್ಮಾನ ಮಾಡಿ. ಜರ್ಮನಿಯ ಅಧ್ಯಯನಗಳಲ್ಲಿ ಕೊಟ್ಟದ್ದು 10 ಸಲ ಮಾತ್ರ. ಅಷ್ಟಕ್ಕೇ ಕೈಗೆಟುಕುವುದಾದರೆ ಅಷ್ಟೇ ಮಾಡಿಸಿ ನೋಡಿ. ಪೂರ್ತಿ ಪ್ಯಾಕೇಜಿನ ಹಣ ಮೊದಲೇ ಕಟ್ಟಬೇಡಿ. ಮೆಸಲಮೈನ್ ಕೊಳ್ಳುವ ದುಡ್ಡಿಗೆ ಕೈಹಾಕಿ ಸೂಜಿಗೆ ಕೊಡುವ ಪರಿಸ್ಥಿತಿ ಬಂದರೆ ಸೂಜಿಯನ್ನೇ ಬಿಡಿ.

ಕೊನೆಯಲ್ಲಿ ನೋಟ್‌ಬುಕ್ ತೆರೆದು, ರಕ್ತ ಮತ್ತು ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮತ್ತೆ ಮಾಡಿಸಿ, ಎರಡನ್ನೂ ಡಾಕ್ಟರ ಮುಂದಿಡಿ. ಅಂಕಿಯೂ ಇಳಿದಿದೆ, ಮೈಯೂ ಹಗುರವಾಗಿದೆ ಎಂದರೆ ಸಂತೋಷ, ಅಂತರ ಹೆಚ್ಚಿಸಿ ಮುಂದುವರಿಸಬಹುದು. ಮೈ ಹಗುರ, ಆದರೆ ಕ್ಯಾಲ್‌ಪ್ರೊಟೆಕ್ಟಿನ್ ಏರಿದೆ ಎಂದರೆ ಅಂಕಿಯನ್ನೇ ನಂಬಿ, ಔಷಧಿ ಹೆಚ್ಚಿಸಬೇಕೇ ಎಂದು ಕೇಳಿ. ಎರಡೂ ಹಾಗೇ ಇದ್ದರೆ ನಿಲ್ಲಿಸಿಬಿಡಿ.

ಔಷಧಿ ಕಡಿಮೆ ಮಾಡುವ ಮಾತು ಬಂದರೆ ಅದನ್ನು ಡಾಕ್ಟರೇ ಹೇಳಬೇಕು, ಸಾಮಾನ್ಯವಾಗಿ ಮತ್ತೊಂದು ಕೊಲೊನೋಸ್ಕೋಪಿ ನೋಡಿಯೇ ಹೇಳುತ್ತಾರೆ. ಎಷ್ಟೇ ಆರಾಮವಾಗಿದ್ದರೂ, ದೊಡ್ಡ ಕರುಳಿನ ಕಾಯಿಲೆ ಶುರುವಾಗಿ ಸುಮಾರು 8 ವರ್ಷವಾದವರು ಕ್ಯಾನ್ಸರ್ ತಪಾಸಣೆಗಾಗಿ ಕೊಲೊನೋಸ್ಕೋಪಿ ಶುರುಮಾಡಬೇಕು. ಮುಂದಿನದು ಯಾವಾಗ ಎಂಬ ತಾರೀಕನ್ನು ಆವತ್ತೇ ಬರೆಸಿಕೊಂಡು ಬನ್ನಿ.